ಪ್ರಾಣಿಗೃಹದ ಬೀಗದ ಕೈ ಯಾರ ಬಳಿ ಇದೆ?

ಬೆಳಗಾವಿಯ ತಿಲಕವಾಡಿಯಲ್ಲಿ ಬೆಳಿಗ್ಗೆ ನಡೆಯಲು ಹೋಗುವವರಿಗೆಲ್ಲ ವ್ಯಾಕ್ಸಿನ್ ಡಿಪೋ ಗೊತ್ತು. ಹಳೆಯ ಮರಗಳ ನಡುವಿನ ಆ ವಿಶಾಲ ಜಾಗಕ್ಕೆ ಆ ಹೆಸರು ಬಂದದ್ದು ಅಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದುದರಿಂದ. ಮುಂಬೈ ಪ್ರಾಂತದ ಕಾಲದಲ್ಲಿ, 20ನೇ ಶತಮಾನದ ಆರಂಭದಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ 1956ರ ರಾಜ್ಯ ಪುನರ್‌ವಿಂಗಡಣೆಯ ನಂತರ ಮೈಸೂರು ರಾಜ್ಯದ ಪಾಲಿಗೆ ಬಂತು. ಸಿಡುಬು ನಿರ್ಮೂಲನೆಯ ದಿನಗಳಲ್ಲಿ ಭಾರತಕ್ಕೆ ಬೇಕಾದ ಒಣಪುಡಿ ಲಸಿಕೆ ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಉಳಿದವು ಗಿಂಡಿ, ಹೈದರಾಬಾದ್ ಮತ್ತು ನೈನಿತಾಲ್ ಬಳಿಯ ಪಟವಾಡಾಂಗರ್. ಆ ಲಸಿಕೆ ಬೆಳೆಯುತ್ತಿದ್ದುದು ಕರುಗಳ ಚರ್ಮದ ಮೇಲೆ. ಕರುವನ್ನು ಕಟ್ಟಿ, ಹೊಟ್ಟೆ ಮತ್ತು ಪಕ್ಕೆಯ ಕೂದಲು ಬೋಳಿಸಿ, ಚರ್ಮವನ್ನು ಸಾಲುಸಾಲಾಗಿ ಗೀರಿ ವೈರಾಣು ಸವರುತ್ತಿದ್ದರು. ಕೆಲವು ದಿನಗಳಲ್ಲಿ ಏಳುವ ಗುಳ್ಳೆಗಳ ತಿರುಳನ್ನು ಕೆರೆದು ತೆಗೆದರೆ ಅದೇ ಲಸಿಕೆಯ ಮೂಲದ್ರವ್ಯ. 1975ರಲ್ಲಿ ಭಾರತದಲ್ಲಿ ಕೊನೆಯ ಸಿಡುಬು ಪ್ರಕರಣ ಕಂಡುಬಂತು. 1980ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಮ್ಮ ಹಿರಿಯರ ತೋಳಿನ ಮೇಲಿನ ಲಸಿಕೆಯ ಕಲೆಗೂ ಅಂಥ ಕರುಗಳ ಪಕ್ಕೆಗೂ ನೇರ ನಂಟಿದೆ. ಆ ಋಣ ಸಣ್ಣದಲ್ಲ.

ಆ ಕರುಗಳಿಗೆ ನೋವಾಯಿತೇ, ಕೆರೆದ ಗಾಯಕ್ಕೆ ಔಷಧಿ ಹಚ್ಚಿದರೇ, ಕೆಲಸ ಮುಗಿದ ಮೇಲೆ ಅವು ಎಲ್ಲಿಗೆ ಹೋದವು ಎಂದು ಕೇಳುವ ಹೊಣೆ ಮೊದಲ ಅರ್ಧ ಶತಮಾನದಲ್ಲಿ ಕಾನೂನಿನ ಪ್ರಕಾರ ಯಾರ ಮೇಲೂ ಇರಲಿಲ್ಲ. ಬ್ರಿಟನ್ ತನ್ನ ನೆಲದಲ್ಲಿ ಪ್ರಾಣಿಪ್ರಯೋಗಗಳಿಗೆ 1876ರಲ್ಲೇ ಕಾಯ್ದೆ ಮಾಡಿಕೊಂಡಿತ್ತು. ತಾನು ಆಳುತ್ತಿದ್ದ ಭಾರತಕ್ಕೆ ಅದನ್ನು ತರಲಿಲ್ಲ. ಅದಕ್ಕೆ ನಾವು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯವರೆಗೆ ಕಾಯಬೇಕಾಯಿತು. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಪಟ್ಟು ಹಿಡಿದು ಒತ್ತಾಯಿಸಿದ್ದರ ಫಲ ಅದು. ಅದರ ನಾಲ್ಕನೆಯ ಅಧ್ಯಾಯ ಪೂರ್ತಿಯಾಗಿ ಪ್ರಯೋಗಗಳಿಗೇ ಮೀಸಲು. 14ನೇ ಕಲಂ ಪ್ರಯೋಗಗಳಿಗೆ ಅವಕಾಶ ಕೊಡುತ್ತದೆ: ಹೊಸ ಜ್ಞಾನಕ್ಕಾಗಿ, ಜೀವ ಉಳಿಸಲು, ಮನುಷ್ಯ, ಪ್ರಾಣಿ ಅಥವಾ ಸಸ್ಯಗಳ ರೋಗ ತಡೆಯಲು ಪ್ರಾಣಿಗಳನ್ನು ಬಳಸುವುದು ಅಪರಾಧವಲ್ಲ. 17ನೇ ಕಲಂ ಕೂಡಲೇ ಷರತ್ತು ಹಾಕುತ್ತದೆ: ಪ್ರಯೋಗಕ್ಕೆ ಮುಂಚೆ, ಪ್ರಯೋಗದ ವೇಳೆ ಮತ್ತು ಪ್ರಯೋಗದ ನಂತರ ಪ್ರಾಣಿಗೆ ಅನಗತ್ಯ ನೋವು ಆಗಬಾರದು. ‘ಮುಂಚೆ’ ಮತ್ತು ‘ನಂತರ’ ಎಂಬ ಆ ಎರಡು ಪದಗಳೇ ಈ ಲೇಖನದ ಕೇಂದ್ರ. ಪ್ರಯೋಗ ನಡೆಯುವ ಒಂದು ಗಂಟೆಯನ್ನು ಎಲ್ಲರೂ ಗಮನಿಸುತ್ತಾರೆ. ಪ್ರಾಣಿ ಬದುಕುವುದು ಉಳಿದ ಇಪ್ಪತ್ತಮೂರು ಗಂಟೆಗಳಲ್ಲಿ. ಮೇಲ್ವಿಚಾರಣೆ ಎಂಬುದು ಕಡತದ ಬೆನ್ನು ಹತ್ತಿದರೆ ಪ್ರಾಣಿಗೆ ಪ್ರಯೋಜನವಿಲ್ಲ, ಪ್ರಾಣಿಯ ದಿನಚರಿಯ ಬೆನ್ನು ಹತ್ತಬೇಕು ಎಂಬುದು ನನ್ನ ವಾದ.

ಬೆಳಗಾವಿಗೆ ಇದು ಹಳೆಯ ಕಾಲದ ಮಾತಲ್ಲ. ನೆಹರೂ ನಗರದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ರಾಷ್ಟ್ರೀಯ ಸಾಂಪ್ರದಾಯಿಕ ವೈದ್ಯಕೀಯ ಸಂಸ್ಥೆ ಇದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು ಅದು. ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಇದೆ, ಖಾಸಗಿ ವೈದ್ಯಕೀಯ ಮತ್ತು ಔಷಧ ವಿಜ್ಞಾನ ಕಾಲೇಜುಗಳಿವೆ. ಇವುಗಳಲ್ಲಿ ಯಾವುದೊಂದರ ಮೇಲೂ ಇಲ್ಲಿ ದೂರು ಹೇಳುತ್ತಿಲ್ಲ. ಗಿಡಮೂಲಿಕೆಯ ಸಂಶೋಧನೆಗೆ ಹೆಸರಾದ ಊರಿನಲ್ಲಿ ಪ್ರಾಣಿಗಳ ಪ್ರಶ್ನೆ ಏಕೆ ಏಳುತ್ತದೆ ಎಂಬುದನ್ನಷ್ಟೇ ತಿಳಿದುಕೊಳ್ಳಬೇಕು. ಬೆಳಗಾವಿ ಜಿಲ್ಲೆಯದೇ ಆದ ಖಾನಾಪುರದ ಕಾಡಿನ ಒಂದು ಬೇರನ್ನು ತಲೆಮಾರುಗಳಿಂದ ಕುಡಿಯುತ್ತ ಬಂದಿದ್ದೇವೆ ಎಂದರೆ ಅದು ಕಷಾಯದ ಮಾತು. ಅದೇ ಬೇರಿನ ಸಾರವನ್ನು ದ್ರಾವಕದಲ್ಲಿ ಬೇರ್ಪಡಿಸಿ, ಸಾಂದ್ರಗೊಳಿಸಿ, ಮಾತ್ರೆ ಮಾಡಿದರೆ ಅದು ಹೊಸ ವಸ್ತು. ಎಷ್ಟು ಪ್ರಮಾಣದಲ್ಲಿ ಯಕೃತ್ತಿಗೆ ಕೇಡು, ಎಷ್ಟರಲ್ಲಿ ಇಲ್ಲ ಎಂದು ತಿಳಿಯಲು ಈಗಲೂ ಬಹುಮಟ್ಟಿಗೆ ಇಲಿಗಳನ್ನೇ ಬಳಸುತ್ತಾರೆ. ‘ಗಿಡದ ಔಷಧಿಗೆ ಅಡ್ಡಪರಿಣಾಮವೇ ಇಲ್ಲ’ ಎಂಬ ನಂಬಿಕೆ ಎಷ್ಟು ಗಟ್ಟಿಯೋ, ಆ ನಂಬಿಕೆಯನ್ನು ಪರೀಕ್ಷಿಸುವ ಇಲಿಗಳು ಅಷ್ಟೇ ನಮ್ಮ ಕಣ್ಣಿಗೆ ಬೀಳದವು.

ಹಾಗಾದರೆ ಹೊಣೆ ಯಾರದು? ಕಾಯ್ದೆ ಇಲ್ಲಿ ಗೊಂದಲಕ್ಕೆ ಎಡೆ ಕೊಟ್ಟಿಲ್ಲ. ಸಂಸ್ಥೆಯೊಳಗೆ ನಡೆಯುವ ಪ್ರಯೋಗಗಳ ಹೊಣೆ ಸಂಸ್ಥೆಯ ಮುಖ್ಯಸ್ಥರದು. ನಿಯಮ ಮುರಿದರೆ ತಪ್ಪಿತಸ್ಥರೆಂದು ಪರಿಗಣಿಸಬೇಕಾದದ್ದೂ ಅವರನ್ನೇ ಎಂದು 20ನೇ ಕಲಂ ಹೇಳುತ್ತದೆ. ಸರ್ಕಾರಿ ಸಂಸ್ಥೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಅವರ ಮೇಲೆ ಕಣ್ಣಿಡಲು ಕೇಂದ್ರದಲ್ಲಿ ಪ್ರಾಣಿಪ್ರಯೋಗಗಳ ನಿಯಂತ್ರಣ ಮತ್ತು ಮೇಲ್ವಿಚಾರಣಾ ಸಮಿತಿ ಇದೆ. ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದರು, ಈಗ ಸಿಸಿಎಸ್‌ಇಎ. ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯಡಿ ಕೆಲಸ ಮಾಡುತ್ತದೆ. 1998ರ ನಿಯಮಗಳ ಪ್ರಕಾರ ಪ್ರಯೋಗ ನಡೆಸುವ ಪ್ರತಿ ಸಂಸ್ಥೆ ಇದರಲ್ಲಿ ನೋಂದಾಯಿಸಿಕೊಳ್ಳಬೇಕು, ತನ್ನಲ್ಲೇ ಒಂದು ಪ್ರಾಣಿ ನೈತಿಕ ಸಮಿತಿ ಇಟ್ಟುಕೊಳ್ಳಬೇಕು, ನೋಂದಾಯಿತ ತಳಿಗಾರರಿಂದಲೇ ಪ್ರಾಣಿ ತರಬೇಕು. ಇಲಿ, ಮೊಲ, ಗಿನಿಪಿಗ್‌ಗಳಂಥ ಸಣ್ಣ ಪ್ರಾಣಿಗಳ ಪ್ರಯೋಗಕ್ಕೆ ಸ್ಥಳೀಯ ಸಮಿತಿಯ ಒಪ್ಪಿಗೆ ಸಾಕು. ನಾಯಿ, ಮಂಗ, ಕುದುರೆ, ದನದಂಥ ದೊಡ್ಡ ಪ್ರಾಣಿಗಳದ್ದಾದರೆ ಕಡತ ಕೇಂದ್ರ ಸಮಿತಿಗೇ ಹೋಗಬೇಕು. ಲಸಿಕೆಗೆ ಬೇಕಾದ ದ್ರವ್ಯ ಮತ್ತು ಪ್ರತಿಕಾಯಗಳ ತಯಾರಿಕೆಯನ್ನೂ ನಿಯಮಗಳು ‘ಪ್ರಯೋಗ’ ಎಂದೇ ಪರಿಗಣಿಸುತ್ತವೆ. ಹಾಗಾಗಿ ವ್ಯಾಕ್ಸಿನ್ ಡಿಪೋದ ಹಳೆಯ ಕೆಲಸ ಇಂದು ನಡೆಯುತ್ತಿದ್ದರೆ ಪ್ರತಿ ಕರುವಿಗೂ ದಾಖಲೆ ಇರಬೇಕಿತ್ತು. ಖಾನಾಪುರದಲ್ಲಿ ಹಾವು ಕಚ್ಚಿದವರಿಗೆ ಕೊಡುವ ವಿಷನಿರೋಧಕ ಔಷಧಿಯ ಪ್ರತಿ ಬಾಟಲಿಯ ಹಿಂದೆ ರಕ್ತ ಕೊಟ್ಟ ಕುದುರೆ ಇರುತ್ತದೆ. ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಸ್ಥಳೀಯ ಸಮಿತಿಯಲ್ಲಿ ಎಂಟು ಜನ. ಒಬ್ಬ ಜೀವವಿಜ್ಞಾನಿ, ಬೇರೆ ಶಾಖೆಗಳ ಇನ್ನಿಬ್ಬರು ವಿಜ್ಞಾನಿಗಳು, ಪ್ರಾಣಿಗಳ ಆರೈಕೆಯಲ್ಲಿ ತೊಡಗಿದ ಪಶುವೈದ್ಯ, ಪ್ರಾಣಿಗೃಹದ ಹೊಣೆ ಹೊತ್ತ ವಿಜ್ಞಾನಿ, ಹೊರಗಿನ ಸಂಸ್ಥೆಯ ಒಬ್ಬ ವಿಜ್ಞಾನಿ, ಕೇಂದ್ರ ಸಮಿತಿಯ ಪ್ರತಿನಿಧಿ ಮತ್ತು ವಿಜ್ಞಾನಿಯಲ್ಲದ, ಸಾಮಾಜಿಕ ಅರಿವುಳ್ಳ ಒಬ್ಬ ಸದಸ್ಯ. ಈ ಕೊನೆಯ ಕುರ್ಚಿಯಲ್ಲಿ ಕೂರುವವರು ನಿಮ್ಮ ಊರಿನ ವಕೀಲರೋ ನಿವೃತ್ತ ಶಿಕ್ಷಕಿಯೋ ಆಗಿರಬಹುದು. ನಾಳೆ ನೀವೇ ಆಗಬಹುದು. ವಿಜ್ಞಾನ ಗೊತ್ತಿಲ್ಲವೆಂದು ಅವರು ಸುಮ್ಮನೆ ಕೂತರೆ ಆ ಕುರ್ಚಿ ಖಾಲಿ ಇದ್ದಂತೆಯೇ. ಅವರು ಕೇಳಬೇಕಾದ ಮೊದಲ ಪ್ರಶ್ನೆಗೆ ವಿಜ್ಞಾನದ ಪದವಿ ಬೇಕಿಲ್ಲ: ಇಷ್ಟೇ ಪ್ರಾಣಿಗಳು ಏಕೆ? ಔಷಧಿಯ ತೀಕ್ಷ್ಣ ವಿಷತ್ವ ಅಳೆಯಲು ಒಂದು ಕಾಲಕ್ಕೆ ಅರ್ಧದಷ್ಟು ಪ್ರಾಣಿಗಳು ಸಾಯುವ ಪ್ರಮಾಣವನ್ನು ಹುಡುಕುತ್ತಿದ್ದರು, ಅದಕ್ಕೆ ಡಜನುಗಟ್ಟಲೆ ಇಲಿಗಳು ಬೇಕಾಗುತ್ತಿದ್ದವು. ಆ ಹಳೆಯ ವಿಧಾನವನ್ನು ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅಂದರೆ ಒಇಸಿಡಿ, 2002ರಲ್ಲಿ ತನ್ನ ಮಾರ್ಗಸೂಚಿಗಳಿಂದಲೇ ತೆಗೆದುಹಾಕಿತು. ಅದರ ಜಾಗಕ್ಕೆ ಬಂದ ವಿಧಾನಗಳಲ್ಲಿ ಒಂದು ಹಂತಕ್ಕೆ ಮೂರೇ ಪ್ರಾಣಿಗಳನ್ನು ಬಳಸಿ, ಫಲಿತಾಂಶ ನೋಡಿ, ಬೇಕಿದ್ದರೆ ಮಾತ್ರ ಮುಂದಿನ ಹಂತಕ್ಕೆ ಹೋಗುತ್ತಾರೆ. ಅರ್ಜಿಯಲ್ಲಿ ದೊಡ್ಡ ಸಂಖ್ಯೆ ಕಂಡರೆ ಅದರ ಸಮರ್ಥನೆ ಕೇಳುವುದು ಸದಸ್ಯರ ಹಕ್ಕಷ್ಟೇ ಅಲ್ಲ, ಕೆಲಸ. ಎರಡನೆಯದು, ಇದನ್ನು ಬೇರೆಯವರು ಈಗಾಗಲೇ ಮಾಡಿ ಪ್ರಕಟಿಸಿದ್ದಾರೆಯೇ? ಮೂರನೆಯದು, ಯಾವ ಲಕ್ಷಣ ಕಂಡಾಗ ಪ್ರಯೋಗ ನಿಲ್ಲಿಸಿ ಪ್ರಾಣಿಗೆ ನೋವಿನಿಂದ ಬಿಡುಗಡೆ ಕೊಡುತ್ತೀರಿ, ಆ ನಿರ್ಧಾರ ಯಾರದು? ಸಂಶೋಧಕ ಊರಲ್ಲಿಲ್ಲದಾಗ ಯಾರದು? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ಆ ಸಂಸ್ಥೆ ಬಹುಮಟ್ಟಿಗೆ ಸರಿಯಾಗಿದೆ ಎಂದು ತಿಳಿಯಬಹುದು.

ಸಮಿತಿ ಸೇರುವುದು ವರ್ಷಕ್ಕೆ ಕೆಲವೇ ಸಲ. ಪ್ರಾಣಿಗೃಹಕ್ಕೆ ಬೆಳಿಗ್ಗೆ ಬಂದು ಬೀಗ ತೆಗೆದು, ಪಂಜರದ ಹಾಸು ಬದಲಿಸಿ, ನೀರಿನ ಬಾಟಲಿ ತುಂಬಿಸಿ, ಯಾವ ಇಲಿ ಮೂಲೆಯಲ್ಲಿ ಮುದುಡಿ ಕೂತಿದೆ ಎಂದು ಮೊದಲು ನೋಡುವವರು ಅಲ್ಲಿನ ಪರಿಚಾರಕರು. ಅನೇಕ ಸರ್ಕಾರಿ ಸಂಸ್ಥೆಗಳಲ್ಲಿ ಈ ಕೆಲಸ ಹೊರಗುತ್ತಿಗೆಯದು. ಎಂಟು ಕುರ್ಚಿಗಳಲ್ಲಿ ಅವರಿಗೆ ಒಂದೂ ಇಲ್ಲ. ಇಡೀ ವ್ಯವಸ್ಥೆಯ ಅತಿ ದೊಡ್ಡ ಕೊರತೆ ಇದು ಎಂದು ನಾನು ತಿಳಿಯುತ್ತೇನೆ. ವಾರಾಂತ್ಯ ಮತ್ತು ರಜಾದಿನಗಳಲ್ಲೂ ಪ್ರತಿದಿನ ಪ್ರಾಣಿಗಳನ್ನು ನೋಡಿಕೊಳ್ಳುವ ಏರ್ಪಾಡು ಇರಲೇಬೇಕು ಎಂದು ಕೇಂದ್ರ ಸಮಿತಿಯ ಮಾರ್ಗಸೂಚಿ ಹೇಳುತ್ತದೆ. ಕೋಣೆಯ ಉಷ್ಣತೆ 18ರಿಂದ 29 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವಾಂಶ ಶೇಕಡಾ 30ರಿಂದ 70ರೊಳಗೆ ಇರಬೇಕು. ಇದನ್ನು ಬೆಳಗಾವಿಯ ಪಂಚಾಂಗದ ಜೊತೆ ಇಟ್ಟು ನೋಡಿ. ಏಪ್ರಿಲ್ ಮಧ್ಯಾಹ್ನ ಹೊರಗಿನ ಬಿಸಿಲು 35 ಡಿಗ್ರಿ ದಾಟುತ್ತದೆ. ಆಗ ಹೆಸ್ಕಾಂ ವಿದ್ಯುತ್ ಹೋದರೆ ಜನರೇಟರ್ ಎಷ್ಟು ನಿಮಿಷದಲ್ಲಿ ಹತ್ತಿಕೊಳ್ಳುತ್ತದೆ, ಅದರ ಡೀಸೆಲ್‌ಗೆ ಹಣ ಯಾವ ಲೆಕ್ಕಶೀರ್ಷಿಕೆಯಲ್ಲಿದೆ? ಜೂನ್-ಜುಲೈಯ ಜಿಟಿಜಿಟಿ ಮಳೆಯಲ್ಲಿ ತೇವಾಂಶ ಏರಿದಾಗ ಹಾಸು ಬದಲಿಸುವ ಸರದಿ ಹೆಚ್ಚುತ್ತದೆಯೇ? ಗಣೇಶೋತ್ಸವದ ಹನ್ನೊಂದನೆಯ ದಿನ ವಿಸರ್ಜನೆಯ ಮೆರವಣಿಗೆ ಮರುದಿನ ಬೆಳಗಿನವರೆಗೂ ಸಾಗುವ ಊರು ಇದು. ರಸ್ತೆಗಳು ಮುಚ್ಚಿರುವ ಆ ದಿನ ಪ್ರಾಣಿಗೃಹಕ್ಕೆ ಬಂದವರು ಯಾರು? ಕಟ್ಟಡಕ್ಕೆ, ಯಂತ್ರಕ್ಕೆ ಬರುವ ಅನುದಾನದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಇಂಥ ಸಣ್ಣ ಖರ್ಚು ಮತ್ತು ಸಣ್ಣ ಸರದಿಗಳು ಎಲ್ಲೂ ಬರುವುದಿಲ್ಲ. ಪ್ರಾಣಿಯ ಮಟ್ಟಿಗೆ ಅವೇ ಎಲ್ಲ.

ಇದೆಲ್ಲ ಭಾವುಕತೆ, ಮನುಷ್ಯರ ಆಸ್ಪತ್ರೆಗಳಲ್ಲೇ ಹಾಸಿಗೆ ಸಾಲದಿರುವಾಗ ಇಲಿಯ ಹಾಸಿನ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ಹಗುರವಲ್ಲ. ಉತ್ತರವನ್ನು ವಿಜ್ಞಾನವೇ ಕೊಟ್ಟಿದೆ. 2010ರಲ್ಲಿ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು ಇಲಿಯನ್ನು ಬಾಲ ಹಿಡಿದು ಎತ್ತುವುದಕ್ಕೂ ಕೊಳವೆಯಲ್ಲೋ ಬೊಗಸೆಯಲ್ಲೋ ಎತ್ತುವುದಕ್ಕೂ ಇರುವ ವ್ಯತ್ಯಾಸ ತೋರಿಸಿದರು: ಬಾಲ ಹಿಡಿದೆತ್ತಿದ ಇಲಿಗಳಲ್ಲಿ ಆತಂಕ ಸ್ಪಷ್ಟವಾಗಿ ಹೆಚ್ಚು. 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ಬೆರಗಿನ ಸಂಗತಿ ಪ್ರಕಟಿಸಿತು: ಕೋಣೆಯಲ್ಲಿ ಗಂಡಸೊಬ್ಬನ ಮೈವಾಸನೆ ಇದ್ದರೆ ಸಾಕು, ಇಲಿಗಳು ಒತ್ತಡಕ್ಕೊಳಗಾಗಿ ನೋವಿಗೆ ಕಡಿಮೆ ಪ್ರತಿಕ್ರಿಯೆ ತೋರುತ್ತವೆ. ಹೀಗಿರುವಾಗ ನೋವು ನಿವಾರಕ ಗುಣವಿದೆ ಎಂದು ಹೇಳುವ ಒಂದು ಬೇರಿನ ಸಾರವನ್ನು ಹಸಿದ, ಬೆದರಿದ, ಸೆಕೆಯಲ್ಲಿ ಬೆಂದ ಇಲಿಯ ಮೇಲೆ ಪರೀಕ್ಷಿಸಿದರೆ ಬರುವ ಅಂಕಿ ಬೇರಿನದೋ ಸೆಕೆಯದೋ? ಆರೈಕೆ ಕೆಟ್ಟರೆ ಪ್ರಾಣಿಯ ಜೀವವೂ ವ್ಯರ್ಥ, ಸರ್ಕಾರದ ದುಡ್ಡೂ ವ್ಯರ್ಥ, ಆ ಫಲಿತಾಂಶ ನಂಬಿ ಔಷಧಿ ನುಂಗುವ ರೋಗಿಗೂ ಅಪಾಯ. ಆಸ್ಪತ್ರೆಯ ಹಾಸಿಗೆಗೂ ಇಲಿಯ ಹಾಸಿಗೂ ಇರುವ ನಂಟು ಇದು.

ಸಂಶೋಧಕರ ಕಡೆಯಿಂದ ಬರುವ ಆಕ್ಷೇಪ ಬೇರೆ. ಸಮಿತಿ, ಅರ್ಜಿ, ಒಪ್ಪಿಗೆ ಎಂದು ವಿಜ್ಞಾನಕ್ಕೆ ತೊಡಕು ಹೆಚ್ಚಾಯಿತು ಎನ್ನುತ್ತಾರೆ. ದೊಡ್ಡ ಪ್ರಾಣಿಗಳ ವಿಷಯದಲ್ಲಿ ವಿಳಂಬ ಆಗುವುದು ನಿಜ. ಆದರೆ ಇಲಿ-ಮೊಲಗಳ ಪ್ರಯೋಗಕ್ಕೆ ಒಪ್ಪಿಗೆ ಕೊಡುವ ಅಧಿಕಾರ ಸಂಸ್ಥೆಯೊಳಗೇ ಇರುವಾಗ ಆ ದೂರಿನ ಬಹುಭಾಗ ಉಳಿಯುವುದಿಲ್ಲ. ಪ್ರಾಣಿಪ್ರಿಯರ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನದು: ಕಾಯ್ದೆಗೆ ಹಲ್ಲೇ ಇಲ್ಲ. 20ನೇ ಕಲಮಿನ ದಂಡ ಇವತ್ತಿಗೂ ಹೆಚ್ಚೆಂದರೆ 200 ರೂಪಾಯಿ. 1960ರ ಸಂಖ್ಯೆಯನ್ನು ಹಾಗೇ ಉಳಿಸಿಕೊಂಡಿರುವುದು ನಾಚಿಕೆಗೇಡು, ಅದು ಬದಲಾಗಲೇಬೇಕು. ಹಾಗೆಂದು ಕಾಯ್ದೆ ನಿರುಪಯೋಗಿ ಅಲ್ಲ. 18ನೇ ಕಲಂ ಪ್ರಕಾರ ಕೇಂದ್ರ ಸಮಿತಿ ನೇಮಿಸಿದವರು ಯಾವ ಸಂಸ್ಥೆಯನ್ನಾದರೂ ಹೊಕ್ಕು ತಪಾಸಣೆ ಮಾಡಬಹುದು, 19ರ ಪ್ರಕಾರ ಪ್ರಯೋಗಗಳನ್ನೇ ನಿಲ್ಲಿಸಬಹುದು. ಸಂಶೋಧಕರಿಗೆ 200 ರೂಪಾಯಿಗಿಂತ ದೊಡ್ಡ ಭಯ ನೋಂದಣಿ ಹೋಗುವುದು; ನೈತಿಕ ಸಮಿತಿಯ ಒಪ್ಪಿಗೆ ಇಲ್ಲದ ಪ್ರಬಂಧವನ್ನು ಒಳ್ಳೆಯ ಪತ್ರಿಕೆಗಳು ಪ್ರಕಟಿಸುವುದೂ ಇಲ್ಲ. ಇನ್ನು ಪ್ರಾಣಿಪ್ರಯೋಗವನ್ನೇ ಪೂರ್ತಿ ನಿಲ್ಲಿಸಿ ಎನ್ನುವವರಿಗೆ ಕಾಲ ಅವರ ಕಡೆಗೇ ಸರಿಯುತ್ತಿದೆ ಎಂದು ಹೇಳಬಹುದು. ಸೌಂದರ್ಯವರ್ಧಕಗಳ ಪ್ರಾಣಿಪರೀಕ್ಷೆಯನ್ನು ಭಾರತ 2014ರಲ್ಲಿ ನಿಷೇಧಿಸಿತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಹುಚ್ಚುನಾಯಿ ಕಡಿತದ ಲಸಿಕೆಯ ತಯಾರಿಕೆ 2004ರ ಕೊನೆಗೆ ನಿಂತಿತು. ಜೀವಕೋಶ ಕೃಷಿಯ ಲಸಿಕೆ ಅದಕ್ಕಿಂತ ಸುರಕ್ಷಿತವಾಗಿತ್ತು. 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದಿ, ಪ್ರಾಣಿಗಳ ಬದಲು ಜೀವಕೋಶ ಮತ್ತು ಚಿಪ್ ಮೇಲಿನ ಅಂಗಾಂಶಗಳಂಥ ವಿಧಾನಗಳಿಗೂ ಅವಕಾಶ ಕೊಡಲಾಯಿತು. ಆದರೂ ಇಡೀ ದೇಹದಲ್ಲಿ ಔಷಧಿ ಹೇಗೆ ಹರಿದಾಡುತ್ತದೆ ಎಂಬುದನ್ನು ಚಿಪ್ ಇನ್ನೂ ಪೂರ್ತಿ ಹೇಳಲಾರದು. ಆ ದಿನ ಬರುವ ತನಕ ಪಂಜರದಲ್ಲಿರುವ ಪ್ರಾಣಿಗೆ ನಾಳೆಯ ನಿಷೇಧದಿಂದ ಇಂದಿನ ನೀರು ಸಿಗುವುದಿಲ್ಲ.

ಖಾನಾಪುರಕ್ಕೆ ಬಂದರೆ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಅಲ್ಲಿ ಪಂಜರವಿಲ್ಲ, ಗುಹೆ ಇದೆ. 2011ರ ಡಿಸೆಂಬರಿನಲ್ಲಿ ಘೋಷಣೆಯಾದ ಸುಮಾರು 190 ಚದರ ಕಿಲೋಮೀಟರಿನ ಭೀಮಗಡ ವನ್ಯಧಾಮದ ಬಾರಾಪೇಡೆ ಗುಹೆಗಳಲ್ಲಿ ರಾಟನ್‌ನ ಬಾಲಮುಕ್ತ ಬಾವಲಿ ವಾಸವಾಗಿದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ ಮೇಲೆ ಹಲವು ದಶಕ ಜಗತ್ತಿನಲ್ಲೇ ಆ ಬಾವಲಿಯ ಏಕೈಕ ನೆಲೆ ಎಂದು ತಿಳಿದಿದ್ದುದು ಇದೇ ಗುಹೆ. ಆಮೇಲೆ ಆ ಬಾವಲಿ ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಂಡುಬಂತು. ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಪಡೆದ ಬೆರಳೆಣಿಕೆಯ ಬಾವಲಿಗಳಲ್ಲಿ ಇದು ಒಂದು. ಬಾವಲಿಗಳ ಮೇಲೆ ಸರ್ಕಾರಿ ಸಂಶೋಧನೆಯ ಆಸಕ್ತಿ ಹೆಚ್ಚಿದೆ, ಅದಕ್ಕೆ ಕಾರಣವೂ ಇದೆ: 2020ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ಹಲವು ರಾಜ್ಯಗಳ ಹಣ್ಣುಬಾವಲಿಗಳ ಗಂಟಲು ಮತ್ತು ಗುದದ ದ್ರವ ಪರೀಕ್ಷಿಸಿ, ಎರಡು ಜಾತಿಗಳಲ್ಲಿ ಕೊರೊನಾ ಬಳಗದ ವೈರಾಣು ಪತ್ತೆ ಮಾಡಿದ್ದರು. ಇಂಥ ಕೆಲಸ ಜನರ ಆರೋಗ್ಯಕ್ಕೆ ಬೇಕು. ಆದರೆ ಕಾಡುಪ್ರಾಣಿಯ ವಿಷಯದಲ್ಲಿ ಹೊಣೆ ಎರಡು ಹೋಳಾಗುತ್ತದೆ. ಹಿಡಿಯುವ ಅನುಮತಿ ವನ್ಯಜೀವಿ ಕಾಯ್ದೆಯ 12ನೇ ಕಲಮಿನಡಿ, ವನ್ಯಧಾಮ ಪ್ರವೇಶ 28ನೇ ಕಲಮಿನಡಿ ಅರಣ್ಯ ಇಲಾಖೆಯಿಂದ. ಹಿಡಿದ ಮೇಲೆ ಮಾಡುವುದೇನು ಎಂಬುದರ ಒಪ್ಪಿಗೆ ಸಂಶೋಧಕರ ಊರಿನ ನೈತಿಕ ಸಮಿತಿಯಿಂದ. ಪ್ರಾಣಿಯ ಕ್ಷೇಮವನ್ನು ಅವರು ನೋಡಿರುತ್ತಾರೆಂದು ಇವರು, ಇವರು ನೋಡಿರುತ್ತಾರೆಂದು ಅವರು ಅಂದುಕೊಂಡರೆ ನಡುವೆ ಬಾವಲಿಗೆ ಯಾರೂ ಇಲ್ಲ. ಮರಿಗಳಿರುವ ಕಾಲದಲ್ಲಿ ಗುಹೆಗೆ ದೀಪ, ಬಲೆ ಒಯ್ದರೆ ಬೆದರಿದ ತಾಯಿ ಮರಿಯನ್ನು ಬೀಳಿಸಬಹುದು; ಕೆಲವೇ ಬಾವಲಿಗಳಿರುವ ನೆಲೆಗೆ ಅದು ದೊಡ್ಡ ನಷ್ಟ. ಆದ್ದರಿಂದ ಕಾಡಂಚಿನ ಹಳ್ಳಿಯವರು ಬಲೆ ಹೊತ್ತು ಬಂದ ತಂಡವನ್ನು ಕಂಡರೆ ಜಗಳಕ್ಕಿಳಿಯಬೇಕಿಲ್ಲ, ಅಡ್ಡಗಟ್ಟಬೇಕಿಲ್ಲ. ಅನುಮತಿಪತ್ರ ತೋರಿಸಿ ಎಂದು ಕೇಳಿ, ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸಿದರೆ ಸಾಕು. ಪ್ರಾಮಾಣಿಕ ಸಂಶೋಧಕರು ಆ ಪತ್ರವನ್ನು ಜೊತೆಯಲ್ಲಿಟ್ಟುಕೊಂಡೇ ಬರುತ್ತಾರೆ.

ಊರಿನ ನಾಗರಿಕರ ಕೈಯಲ್ಲಿರುವ ದಾರಿ ಮಾಹಿತಿ ಹಕ್ಕು. ಬೀಗ ಒಡೆದು ವಿಡಿಯೊ ಮಾಡುವುದರಿಂದ ಪ್ರಾಣಿಗಳು ಬೆದರುತ್ತವೆ, ಸೋಂಕು ಹರಡಬಹುದು, ಪ್ರಕರಣವೂ ನಿಮ್ಮ ಮೇಲೆಯೇ ಬೀಳುತ್ತದೆ. 2005ರ ಕಾಯ್ದೆಯ 6ನೇ ಕಲಂ ಅರ್ಜಿಯನ್ನು ಆ ಪ್ರದೇಶದ ಆಡಳಿತ ಭಾಷೆಯಲ್ಲಿ ಕೊಡಲು ಅವಕಾಶ ಕೊಟ್ಟಿದೆ. ಅಂದರೆ ನೆಹರೂ ನಗರದ ಕೇಂದ್ರ ಸರ್ಕಾರಿ ಸಂಸ್ಥೆಗೂ ನೀವು ಕನ್ನಡದಲ್ಲೇ ಬರೆಯಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ಅದೇ ಸಂಸ್ಥೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಔಷಧಿಯ ಗುಟ್ಟು ಕೇಳಿದರೆ ವ್ಯಾಪಾರ ರಹಸ್ಯವೆಂದು ನಿರಾಕರಿಸಬಹುದು, ಅದು ನ್ಯಾಯವೂ ಹೌದು. ಸಂಸ್ಥೆಯ ನೋಂದಣಿ ಸಂಖ್ಯೆ ಮತ್ತು ಅದರ ಅವಧಿ, ಸಮಿತಿ ಕಳೆದ ವರ್ಷ ಎಷ್ಟು ಸಲ ಸೇರಿತು, ಕೇಂದ್ರದ ಪ್ರತಿನಿಧಿ ಹಾಜರಿದ್ದರೇ, ಎಷ್ಟು ಪ್ರಾಣಿಗಳು ಬಂದವು, ಪ್ರಯೋಗದ ನಂತರ ಎಷ್ಟಕ್ಕೆ ಪುನರ್ವಸತಿ ಆಯಿತು ಎಂಬಿವು ರಹಸ್ಯದ ಸಾಲಿಗೆ ಸೇರುವುದಿಲ್ಲ. ಪ್ರಯೋಗಾನಂತರದ ಆರೈಕೆ ಸಂಶೋಧಕರ ಹೊಣೆ, ಅದರ ಖರ್ಚು ಯೋಜನೆಯ ಖರ್ಚಿನ ಭಾಗ ಎಂದು ಪ್ರಾಣಿಪ್ರಯೋಗ ನಿಯಮಗಳ 2006ರ ತಿದ್ದುಪಡಿ ಹೇಳುವುದರಿಂದ ಆ ಹಣ ಎಲ್ಲಿ ನಮೂದಾಗಿದೆ ಎಂದೂ ಕೇಳಬಹುದು. ರಾಜ್ಯದ ಸಂಸ್ಥೆಗಳ ಬಗ್ಗೆ ಇನ್ನೊಂದು ದಾರಿಯೂ ಇದೆ: ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ನಿಮ್ಮ ಶಾಸಕರ ಕೈಗೆ ಇವೇ ಪ್ರಶ್ನೆಗಳನ್ನು ಬರೆದುಕೊಟ್ಟರೆ ಸಚಿವರು ಲಿಖಿತ ಉತ್ತರ ಕೊಡಬೇಕಾಗುತ್ತದೆ. ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನೆಗೆ ಜಾಗವಿದ್ದರೆ ನನ್ನ ಆಯ್ಕೆ ಇದು: ಕಳೆದ ಗಣೇಶ ವಿಸರ್ಜನೆಯ ದಿನ ಪ್ರಾಣಿಗೃಹದ ಉಷ್ಣತೆ, ಆಹಾರ, ನೀರು ಮತ್ತು ಹಾಜರಿ ದಾಖಲಿಸಿದ ಪುಟದ ದೃಢೀಕೃತ ನಕಲು ಕೊಡಿ.